ಆಟದ ಟ್ಯಾಂಕುಗಳ ಅಳತೆ

ಅರಸೀಕೆರೆಯ ರೈಲ್ವೆ ಜಂಕ್ಷನ್ನಿಗೆ ಕೂಗಳತೆಯಲ್ಲಿರುವ ಮನೆಯೊಂದರಲ್ಲಿ, ದಸರೆಯ ರಜದ ದಿನಗಳಲ್ಲಿ, ನಡೆಯಬೇಕಾಗಿದ್ದ ಯುದ್ಧವೊಂದು ಆರಂಭವಾಗುವ ಮುನ್ನವೇ ನಿಂತುಹೋಯಿತು. ಊಟದ ಮೇಜಿನ ಮೇಲೆ ಹಸುರು ಬಟ್ಟೆಯನ್ನು ಹಾಸಿ, ಅದರ ಅಡಿಯಲ್ಲಿ ಪುಸ್ತಕಗಳನ್ನಿಟ್ಟು ಗುಡ್ಡಗಳನ್ನೆಬ್ಬಿಸಿ, ತೆಂಗಿನ ನಾರಿನಿಂದ ಪೊದೆಗಳನ್ನು ಕಟ್ಟಿದ್ದಾಗಿತ್ತು. ಕಾಲೇಜಿನಲ್ಲಿ ಓದುವ ದೊಡ್ಡ ಹುಡುಗನು ತಾನೇ ಅಂಟಿಸಿ ಬಣ್ಣ ಬಳಿದಿದ್ದ ಪ್ಯಾಟನ್ ಟ್ಯಾಂಕುಗಳನ್ನು ಸಾಲಾಗಿ ನಿಲ್ಲಿಸಿದ್ದನು. ರಜಕ್ಕೆಂದು ಬಂದಿದ್ದ ಅವನ ಚಿಕ್ಕಪ್ಪನ ಮಗನು, ಪರದೇಶದಲ್ಲಿರುವ ಸೋದರಮಾವನು ಕಳುಹಿಸಿದ್ದ ಟಿ-55 ಟ್ಯಾಂಕೊಂದನ್ನು ಪೆಟ್ಟಿಗೆಯಿಂದ ತೆಗೆದು ಎದುರು ಪಕ್ಕದಲ್ಲಿಟ್ಟನು. ದೊಡ್ಡವನು ಅದನ್ನು ಒಡನೆಯೇ ಎತ್ತಿ ಮೇಜಿನಿಂದಾಚೆಗೆ ಇರಿಸಿದನು.

“ಇದರ ಸ್ಕೇಲು ಬೇರೆ ಕಣೋ. ಇದನ್ನು ಸೇರಿಸಿದರೆ ಆಟವೇ ಕೆಟ್ಟುಹೋಗುತ್ತೆ.”

ಚಿಕ್ಕವನ ಕಣ್ಣಿನಲ್ಲಿ ನೀರು ಬಂದಿತು. ಅವನ ಬಳಿ ಇದ್ದುದು ಅದೊಂದೇ. ಅಜ್ಜಿಯು ಅವನ ಪಕ್ಷ ವಹಿಸಿದರು. ನಡುಮನೆಯಲ್ಲಿ ಆಗ ಬೊಂಬೆಗಳನ್ನು ಕೂರಿಸಿದ್ದಿತು. ಅಲ್ಲಿ ಪಟ್ಟದ ಬೊಂಬೆಗಳು ಒಂದು ಮೊಳ, ಚನ್ನಪಟ್ಟಣದ ಆನೆ ಒಂದು ಗೇಣು, ಸೆಟ್ಟಿಯ ಅಂಗಡಿಯಲ್ಲಿಯ ಕುಂಬಳಕಾಯಿಯು ಸೆಟ್ಟಿಯ ತಲೆಗಿಂತಲೂ ದೊಡ್ಡದು. ಇಷ್ಟು ವರ್ಷಗಳಲ್ಲಿ ಆರತಿಗೆ ಬಂದವರೊಬ್ಬರೂ ಅಳತೆ ತಪ್ಪಿತೆಂದು ಹೇಳಿದ್ದಿಲ್ಲ. ಈ ಮಗುವಿನ ಗಾಡಿಯೊಂದು ತುಸು ದಪ್ಪವಾಗಿದ್ದರೆ ಮುಳುಗುವುದೇನು? ಅಜ್ಜಿಯ ವಾದವು ದುರ್ಬಲವಾದುದಲ್ಲ. ಆದರೆ ಬೊಂಬೆಗಳು ಒಂದನ್ನೊಂದು ಎದುರಿಸಿ ನಿಲ್ಲುವುದಿಲ್ಲ, ಎಲ್ಲವೂ ನೋಡುವವರ ಕಡೆಗೆ ಮುಖಮಾಡಿರುತ್ತವೆ ಎಂಬುದನ್ನು ಅವರು ಗಮನಿಸಿರಲಿಲ್ಲ.

ತೀರ್ಪು ಬಂದುದು ತಾತನಿಂದ. ಅವರು 1971ರ ಯುದ್ಧಕಾಲದಲ್ಲಿ ಸೈನ್ಯದಲ್ಲಿ ಟಿ-55 ಟ್ಯಾಂಕಿನ ಚಾಲಕರಾಗಿದ್ದವರು; ಮನೆಯಲ್ಲಿ ಆ ಮಾತನ್ನು ಎತ್ತುತ್ತಿದ್ದುದು ಅಪರೂಪ. ಅಂದು ಅವರು ಎರಡು ಆಟಿಕೆಗಳನ್ನೂ ಅಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಅನಂತರ, “ನಮ್ಮ ಗಾಡಿ ಇಷ್ಟು ಎತ್ತರ ಇದ್ದಿದ್ದರೆ ನಾನು ಇಲ್ಲಿ ಕೂತಿರುತ್ತಿರಲಿಲ್ಲ” ಎಂದು ಮಾತ್ರ ಹೇಳಿ ಅಡಿಕೋಲನ್ನು ತರಿಸಿದರು.

ಲೆಕ್ಕವು ಸರಳವಾಗಿಯೇ ಇದೆ. ನಿಜವಾದ ಟಿ-55 ಟ್ಯಾಂಕಿನ ಎತ್ತರವು ಸುಮಾರು 2.4 ಮೀಟರು, ಎಂ-48 ಪ್ಯಾಟನ್ನಿನದು ಸುಮಾರು 3.1 ಮೀಟರು. ರಷ್ಯದವರು ತಮ್ಮ ಗಾಡಿಯನ್ನು ಬೇಕೆಂದೇ ತಗ್ಗಾಗಿ ಕಟ್ಟಿದರು. ಒಳಗಿನ ನಾಲ್ವರು ಮುದುರಿಕೊಂಡು ಕೂರಬೇಕಾದರೂ ಶತ್ರುವಿನ ಕಣ್ಣಿಗೆ ಬೀಳುವ ಭಾಗವು ಅಷ್ಟರಮಟ್ಟಿಗೆ ಕಡಮೆಯಾಗುವುದು. ದೊಡ್ಡವನ ಪ್ಯಾಟನ್ನು 1:76ರ ಪ್ರಮಾಣದಲ್ಲಿದ್ದುದರಿಂದ ಅದರ ಎತ್ತರವು 41 ಮಿಲಿಮೀಟರು. ಚಿಕ್ಕವನ ಟಿ-55 1:56ರ ಪ್ರಮಾಣದಲ್ಲಿದ್ದುದರಿಂದ 43 ಮಿಲಿಮೀಟರು. ತಗ್ಗಿನ ಗಾಡಿಯು ಎತ್ತರದ ಗಾಡಿಯನ್ನು ಮೀರಿ ನಿಂತಿತು. ಎರಡನ್ನೂ 1:72ರಲ್ಲಿ ಮಾಡಿದ್ದರೆ ಒಂದು 33, ಇನ್ನೊಂದು 43 ಆಗುತ್ತಿದ್ದಿತು. ಆ ಹತ್ತು ಮಿಲಿಮೀಟರುಗಳಲ್ಲಿ ನಾಲ್ವರ ಪ್ರಾಣವಡಗಿದ್ದಿತು.

ಇಷ್ಟೊಂದು ಪ್ರಮಾಣಗಳು ಹುಟ್ಟಿದುದಾದರೂ ಏಕೆ ಎಂದು ವಾಚಕರು ಕೇಳಬಹುದು. ಶಾಸ್ತ್ರವಿಚಾರದಿಂದ ಹುಟ್ಟಿದವು ಕೆಲವೇ. 1:72 ಎಂದರೆ ಆರು ಅಡಿಗೆ ಒಂದು ಅಂಗುಲ, ಆಳೆತ್ತರದ ಮನುಷ್ಯನು ಒಂದಂಗುಲದವನಾಗುವನು. 1:76 ಎಂಬುದು ಇಂಗ್ಲೆಂಡಿನ ಆಟದ ರೈಲುಗಳಿಂದ ಬಂದುದು. ಅಲ್ಲಿ ಒಂದು ಅಡಿಗೆ ನಾಲ್ಕು ಮಿಲಿಮೀಟರೆಂದು ಗೊತ್ತುಮಾಡಿದ್ದರು. ಜಂಕ್ಷನ್ನಿನ ಊರಿನ ಹುಡುಗನ ಕೈಗೆ ರೈಲಿನ ಅಳತೆಯ ಟ್ಯಾಂಕು ಬಂದು ಸೇರಿದುದು ಒಂದು ವಿನೋದವೇ ಸರಿ. ಜಪಾನಿನ ಟಮಿಯ ಸಂಸ್ಥೆಯವರು 1960ರ ದಶಕದ ಆರಂಭದಲ್ಲಿ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ಮಾಡುವಾಗ, ಮೋಟಾರಿಗೆ ಬೇಕಾದ ಬ್ಯಾಟರಿಗಳು ಒಳಗೆ ಹಿಡಿಯುವಷ್ಟು ದೊಡ್ಡದಾಗಿರಲೆಂದು ಗಾತ್ರವನ್ನು ನಿಶ್ಚಯಿಸಿದರು. ಬಳಿಕ ಎಣಿಸಿ ನೋಡಿದರೆ ಅದು 1:35ರಷ್ಟಾಗಿದ್ದಿತು. ಇಂದು ಲೋಕದಲ್ಲೆಲ್ಲ ಪ್ರಸಿದ್ಧವಾಗಿರುವ ಆ ಪ್ರಮಾಣಕ್ಕೆ ಮೂಲವು ಬ್ಯಾಟರಿ! ಇನ್ನು ಪದಾತಿಗಳ ಬೊಂಬೆಗಳನ್ನು ಪ್ರಮಾಣದಿಂದಲ್ಲದೆ ಮಿಲಿಮೀಟರುಗಳಿಂದಲೇ ಕರೆಯುವರು. 28 ಮಿಲಿಮೀಟರನ್ನು ಪಾದದಿಂದ ಕಣ್ಣಿನವರೆಗೆ ಅಳೆಯಬೇಕೆಂದು ಕೆಲವರು, ನೆತ್ತಿಯವರೆಗೆಂದು ಕೆಲವರು. ಕಣ್ಣಿನವರೆಗೆಂದು ಹಿಡಿದರೆ ಆ ಬೊಂಬೆಗೆ 1:56ರ ಗಾಡಿಯು ಹೊಂದುವುದು. ಅಳತೆಯು ಎಲ್ಲಿಂದ ಎಲ್ಲಿಗೆ ಎಂದು ಹೇಳದೆ ಸಂಖ್ಯೆಯನ್ನು ಮಾತ್ರ ಹೇಳುವುದು ವರ್ತಕರ ಪದ್ಧತಿ, ಶಿಲ್ಪಿಗಳದಲ್ಲ.

ನಮ್ಮ ಶಿಲ್ಪಶಾಸ್ತ್ರಕಾರರು ಈ ತೊಡಕನ್ನು ಬಹು ಹಿಂದೆಯೇ ಬಿಡಿಸಿದ್ದರು. ಎಂಟು ಯವಗಳಿಗೆ ಒಂದು ಅಂಗುಲವೆಂಬುದು ಲೋಕದ ಮಾನ. ಪ್ರತಿಮೆಗಾದರೋ ದೇಹಾಂಗುಲವೆಂದು ಬೇರೆಯ ಮಾನವುಂಟು. ಉತ್ತಮ ದಶತಾಲದ ಪ್ರತಿಮೆಯು ಬೆರಳುದ್ದವಿರಲಿ, ಆಳೆತ್ತರವಿರಲಿ, ಅದರ ಎತ್ತರವನ್ನು 124 ಭಾಗ ಮಾಡಿದರೆ ಬರುವ ಒಂದು ಪಾಲೇ ಆ ಪ್ರತಿಮೆಯ ಅಂಗುಲ. ಅಳೆಯುವ ಕೋಲು ವಿಗ್ರಹದೊಡನೆಯೇ ಬೆಳೆದು ವಿಗ್ರಹದೊಡನೆಯೇ ಕುಗ್ಗುವುದು. ಒಂದು ಮೂರ್ತಿಯೊಳಗೆ ಇದರಿಂದ ಲೋಪವೇ ಬಾರದು. ಎರಡು ಮೂರ್ತಿಗಳು ಎದುರೆದುರಾಗಿ ನಿಂತಾಗಲೇ ಪ್ರಶ್ನೆಯೇಳುವುದು, ಮತ್ತು ಯುದ್ಧವೆಂದರೆ ಎದುರೆದುರಾಗಿ ನಿಲ್ಲುವುದೇ ಅಲ್ಲವೆ?

ಮರುದಿನ ಮನೆಯವರೆಲ್ಲರೂ ಹಳೇಬೀಡು ಬೇಲೂರುಗಳಿಗೆ ಹೋಗುವುದೆಂದು ಮೊದಲೇ ಗೊತ್ತಾಗಿದ್ದಿತು. ಚಿಕ್ಕವನು ಟ್ಯಾಂಕನ್ನು ಚೀಲದಲ್ಲಿಟ್ಟುಕೊಂಡೇ ಹೊರಟನು.

ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯ ಅಧಿಷ್ಠಾನದಲ್ಲಿ ಪಟ್ಟಿಯ ಮೇಲೆ ಪಟ್ಟಿಯಾಗಿ ಆನೆಗಳು, ಸಿಂಹಗಳು, ಬಳ್ಳಿ, ಕುದುರೆಯಾಳುಗಳು, ಮರಳಿ ಬಳ್ಳಿ, ಪುರಾಣಕಥೆಗಳು, ಮಕರಗಳು, ಹಂಸಗಳು ಇವೆಯಷ್ಟೆ. ಆನೆಗೆ ಆನೆಯ ಪಟ್ಟಿ, ಹಂಸಕ್ಕೆ ಹಂಸದ ಪಟ್ಟಿ. ಒಂದರ ಅಳತೆಯು ಇನ್ನೊಂದನ್ನು ಬಾಧಿಸುವುದಿಲ್ಲ. ಇದು ಅಜ್ಜಿಯ ಬೊಂಬೆಗಳ ನ್ಯಾಯ. ಆದರೆ ಕಥೆಯ ಪಟ್ಟಿಯಲ್ಲಿ ಭಾರತಯುದ್ಧವೇ ನಡೆದಿರುವುದು. ಕೌಟಿಲ್ಯನ ಪ್ರಕಾರ ಉತ್ತಮವಾದ ಆನೆಯ ಎತ್ತರ ಏಳು ಅರತ್ನಿ, ಎಂದರೆ 168 ಅಂಗುಲ. ರಥದ ಎತ್ತರ ಹತ್ತು ಪುರುಷಗಳು, ಎಂದರೆ 120 ಅಂಗುಲ. ರಥದ ಅಗಲವು ಹನ್ನೆರಡು ಪುರುಷಗಳಿಂದ ಒಂದೊಂದಾಗಿ ಇಳಿದು ಆರರವರೆಗೆ ಬರುವುದು. ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅರ್ಥಶಾಸ್ತ್ರವನ್ನು ಅಚ್ಚುಹಾಕಿಸಿದ ಮೇಲೆ ಈ ಲೆಕ್ಕಗಳು ಎಲ್ಲರಿಗೂ ದೊರೆತಿವೆ. ಹಳೇಬೀಡಿನ ಶಿಲ್ಪಿಯು ಇದನ್ನು ಲಕ್ಷಿಸಲಿಲ್ಲ. ಅವನ ರಥವು ಕಿರಿದು, ಅದರ ಮೇಲಣ ಬಿಲ್ಲುಗಾರನು ಹಿರಿಯನು. ನೆಲದ ಮೇಲೆ ನಿಂತವನ ತಲೆಯೂ ಪಟ್ಟಿಯ ಅಂಚನ್ನೇ ಮುಟ್ಟುವಂತಿರುವುದು. ಅವನಿಗೆ ಯುದ್ಧ ಮಾಡುತ್ತಿದ್ದುದು ರಥವಲ್ಲ, ವೀರನು.

ಇದನ್ನು ಕಂಡ ಚಿಕ್ಕವನಿಗೆ ಧೈರ್ಯ ಬಂದಿತು. “ನೋಡು, ಇಲ್ಲೂ ಸ್ಕೇಲು ಸರಿಯಿಲ್ಲ!” ದೊಡ್ಡವನು ಉತ್ತರ ಕೊಡದೆ ಚಕ್ರವ್ಯೂಹದ ಮುಂದೆ ನಿಂತುಬಿಟ್ಟಿದ್ದನು. ಅಲ್ಲಿ ವ್ಯೂಹವು ಆಕಾಶದಿಂದ ನೋಡಿದಂತೆ ಸುರುಳಿಯಾಗಿ ಹರಡಿದೆ. ಹೋರುವವರು ಮಾತ್ರ ಮಗ್ಗುಲಿನಿಂದ ನೋಡಿದಂತೆ ಇದ್ದಾರೆ. ನೆಲಕ್ಕೆ ಒಂದು ಅಳತೆ, ಆಳಿಗೆ ಒಂದು ಅಳತೆ. ಹುಡುಗನು ನಿಂತುದಕ್ಕೆ ಕಾರಣವುಂಟು. ಮೇಜಿನ ಯುದ್ಧವನ್ನಾಡುವವರು ಇದೇ ಉಪಾಯದಿಂದ ಬಾಳುತ್ತಿರುವರು. ಪ್ರಷ್ಯದ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿಯು 1824ರಲ್ಲಿ ತನ್ನ ಯುದ್ಧದಾಟವನ್ನು ಪ್ರಕಟಿಸಿದಾಗ 1:8000ರ ಭೂಪಟದ ಮೇಲೆ ಅದೇ ಅಳತೆಯ ಚಿಕ್ಕ ಬಿಲ್ಲೆಗಳನ್ನಿರಿಸಿದನು. ಅಲ್ಲಿ ನೆಲಕ್ಕೂ ದಂಡಿಗೂ ಒಂದೇ ಮಾನ, ಆದರೆ ಕಾಣಲು ಸಿಪಾಯಿಯೇ ಇಲ್ಲ. ಸಿಪಾಯಿಯೂ ಟ್ಯಾಂಕೂ ಕಣ್ಣಿಗೆ ಕಾಣಬೇಕೆಂದಾಗ ಎರಡು ಮಾನಗಳು ಅನಿವಾರ್ಯ. 1500 ಮೀಟರು ದೂರಕ್ಕೆ ಗುಂಡು ಹಾರಿಸುವ ಟ್ಯಾಂಕನ್ನು 1:72ರಲ್ಲಿ ಆಡಿದರೆ, ಆ ದೂರವೂ ಅದೇ ಪ್ರಮಾಣದಲ್ಲಿ ಸುಮಾರು 21 ಮೀಟರು ಆಗುವುದು. ಊಟದ ಮೇಜನ್ನು ಬೀದಿಗೆ ಚಾಚಿದರೂ ಸಾಲದು. ಆದುದರಿಂದ ನೆಲವನ್ನು ಕುಗ್ಗಿಸಿಕೊಳ್ಳುವರು. ನೆಲದ ಸುಳ್ಳನ್ನು ಎರಡು ಪಕ್ಷದವರೂ ಸಮವಾಗಿ ಹೊರುವರಾದ್ದರಿಂದ ಯಾರಿಗೂ ಅನ್ಯಾಯವಿಲ್ಲ. ಒಂದೇ ಪಕ್ಷದ ಗಾಡಿಯು ಹಿಗ್ಗಿದರೆ ಹಾಗಾಗದು.

ಬೇಲೂರಿನಲ್ಲಿ ತಾತನು ಹೆಚ್ಚು ಹೊತ್ತು ನಿಂತುದು ಮದನಿಕೆಯರ ಮುಂದೆ ಅಲ್ಲ, ಮೆಟ್ಟಿಲುಗಳ ಇಕ್ಕೆಲದ ಕಿರುಗುಡಿಗಳ ಬಳಿಯಲ್ಲಿ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಗೆ ಇಂದು ಶಿಖರವಿಲ್ಲ. ಅದನ್ನು 19ನೆಯ ಶತಮಾನದಲ್ಲಿ ಇಳಿಸಿದರು. ಆ ಶಿಖರವು ಹೇಗಿದ್ದಿರಬಹುದೆಂದು ವಿದ್ವಾಂಸರು ಊಹಿಸುವುದು ಈ ಕಿರುಗುಡಿಗಳ ಶಿಖರಗಳನ್ನು ನೋಡಿಯೇ. ಹಿರಿದು ಹೋಯಿತು, ಕಿರಿದು ಉಳಿಯಿತು. ಕಿರಿದನ್ನು ಮಾಡಿದವನು ಅನುಪಾತವನ್ನು ಕೆಡಿಸಿದ್ದರೆ ಇಂದು ಯಾರನ್ನು ಕೇಳುವುದು? ಮಾರ್ಗದರ್ಶಕನು ಇದನ್ನು ವಿವರಿಸುತ್ತಿದ್ದಾಗ ತಾತನು ಕೈಯಿಂದ ಕಿರುಗುಡಿಯ ಅಂಚನ್ನು ಸವರುತ್ತಿದ್ದರು.

ಅರಸೀಕೆರೆಗೆ ಮರಳಿದ ಮೇಲೆ ಅವರು ಹಿತ್ತಿಲಿನಿಂದ ಬೇವಿನ ತುಂಡೊಂದನ್ನು ತಂದು ಚಾಕುವಿನಿಂದ ಕೆತ್ತತೊಡಗಿದರು. ಎತ್ತರ 32 ಮಿಲಿಮೀಟರು, ಮೈಯ ಉದ್ದ 85. ಎರಡೂ 1:76ರ ಲೆಕ್ಕದಲ್ಲಿ. ದೊಡ್ಡವನು ಗುಣಾಕಾರ ಭಾಗಾಕಾರಗಳನ್ನು ಮಾಡಿಕೊಟ್ಟನು. ಚಿಕ್ಕವನು ಪೆಟ್ಟಿಗೆಯ ಟ್ಯಾಂಕನ್ನು ಎದುರಿಗಿಟ್ಟುಕೊಂಡು ಯಾವ ಭಾಗವು ಎಲ್ಲಿದೆಯೆಂದು ತೋರಿಸಲು ಹೊರಟು, ಎರಡು ಸಲ ತಾತನಿಂದ ತಿದ್ದಿಸಿಕೊಂಡು ಸುಮ್ಮನಾದನು. ಅವರಿಗೆ ಮಾದರಿಯು ಬೇಕಾಗಿರಲಿಲ್ಲ.

ಕೊನೆಗೆ ಚಾಲಕನ ಕಿಂಡಿ. ಅದು ಮುಂಭಾಗದ ಎಡಕ್ಕೆ ಇರುವುದು. ತಾತನು ದಬ್ಬಳದಿಂದ ಒಂದು ತೂತನ್ನು ಕೊರೆದು, ದೂರ ಹಿಡಿದು ನೋಡಿ, ತಲೆಯಾಡಿಸಿದರು.

“ತಾತ, ಚೆನ್ನಾಗಿದೆಯಲ್ಲ?”

“ಇಲ್ಲ ಮಗು. ಇದರಲ್ಲಿ ಇಬ್ಬರು ತೂರುತ್ತಾರೆ.”

ತೂತಿಗೆ ಮೇಣವನ್ನು ತುಂಬಿ, ಅದು ಆರುವವರೆಗೆ ಕಾದಿದ್ದು, ಕನ್ನಡಕವನ್ನು ಒರೆಸಿಕೊಂಡು, ಈ ಸಲ ಗೋಣಿಸೂಜಿಯನ್ನು ಕೈಗೆತ್ತಿಕೊಂಡರು.