ಬೆಂಚು ನುಂಗುವ ಮರ

ಡಬ್ಲಿನ್
ರಾತ್ರಿ ಎರಡೂವರೆ

ಪ್ರೀತಿಯ ಶಾರದಾ,

ಪಾಪು ಈಗಷ್ಟೇ ಮಲಗಿತು, ಬಾಣಂತಿಯೂ ಕಣ್ಣು ಮುಚ್ಚಿದಳು. ನನ್ನ ನಿದ್ದೆ ಮಾತ್ರ ಹಾರಿಹೋಗಿದೆ. ನಾವೆಲ್ಲ ಆರಾಮ, ಯೋಚನೆ ಬೇಡ. ಟ್ರಿನಿಟಿ ಕಾಲೇಜು, ಲಿಫಿ ನದಿ ಎಲ್ಲ ನೋಡಿದ್ದಾಯಿತು. ಅಳಿಯಂದಿರು ಫೋಟೋ ಕಳಿಸಿದ್ದಾರಲ್ಲ, ನೋಡಿಕೋ.

ನಿನ್ನೆ ನಾನೊಬ್ಬಳೇ ಪಾಪುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು, ಟ್ರಾಮ್ ಹತ್ತಿ, ಬ್ರಾಡ್‌ಸ್ಟೋನ್‌ನಲ್ಲಿ ಇಳಿದೆ. ಇದನ್ನು ನಿಮ್ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳು. ಸಾಗರದ ಬಸ್‌ಸ್ಟ್ಯಾಂಡಿನಲ್ಲೇ ನಾನು ದಾರಿ ತಪ್ಪುತ್ತೇನೆ ಅಂತ ಆಡಿಕೊಳ್ಳುತ್ತಾರಲ್ಲ. ಅಲ್ಲೇ ಹತ್ತಿರ ಕಿಂಗ್ಸ್ ಇನ್ಸ್, ವಕೀಲಿಕೆ ಕಲಿಸುವ ಹಳೇ ಸಂಸ್ಥೆ. ಅದರ ತೋಟದ ದಕ್ಷಿಣದ ಗೇಟಿನ ಹತ್ತಿರ ಒಂದು ಪ್ಲೇನ್ ಮರ ಕಬ್ಬಿಣದ ಬೆಂಚನ್ನು ನುಂಗುತ್ತಾ ನಿಂತಿದೆ ಕಣೇ! ಬೆಂಚು 19ನೇ ಶತಮಾನದ ಮೊದಲ ಭಾಗದ್ದಂತೆ. ಮರವೇ ಆಮೇಲೆ ಬಂದದ್ದು. ಕಾಂಡ ದಪ್ಪವಾದಂತೆಲ್ಲ ಹೊಸ ಪದರ ಕಬ್ಬಿಣದ ಸುತ್ತ ಬೆಳೆದು, ಎರಡು ಕಡೆಯಿಂದ ತುಟಿ ಕೂಡಿದೆ. ಒಬ್ಬಟ್ಟಿಗೆ ಹೂರಣ ಇಟ್ಟು ಕಣಕದ ಅಂಚು ಎಳೆದು ಮುಚ್ಚುತ್ತೇವಲ್ಲ, ಥೇಟ್ ಹಾಗೆ. ಬೆನ್ನಿನ ಸರಳುಗಳು ಒಳಗೆ ಹೋದದ್ದು ಕಾಣುತ್ತದೆ, ಮುಂದೆ ಏನಾಯಿತೋ ಮರಕ್ಕೇ ಗೊತ್ತು. ಅದಕ್ಕೆ ನೋವಾಗಿದೆ ಅಂತ ನನಗನ್ನಿಸಲಿಲ್ಲ, ಹೊಟ್ಟೆ ತುಂಬಿದವರ ಹಾಗೆ ಇತ್ತು.

ತೊಗಟೆ ಹಕ್ಕಳೆ ಹಕ್ಕಳೆಯಾಗಿ ಉದುರಿ ಒಳಗಿನ ಹಳದಿ, ತಿಳಿಹಸಿರು ಕಾಣುತ್ತದೆ. ಹೊಗೆ ಹಿಡಿದದ್ದನ್ನು ಹೀಗೆ ಕಳಚಿ ಹಾಕುವುದರಿಂದಲೇ ಇದು ಪೇಟೆಯಲ್ಲಿ ಬದುಕುತ್ತದಂತೆ. ಆದರೆ ಅದರ ಕಾಯಿಯ ತುಪ್ಪಳ ಇದೆಯಲ್ಲ, ದರಿದ್ರ! ಗಂಟಲು ಕೆರೆದು ಕೆರೆದು ಸಾಕಾಯಿತು.

ಇದನ್ನೆಲ್ಲ ಹೇಳಿದ್ದು ಅರ್ಧ ಬೆಂಚಿನಲ್ಲಿ ನಾಯಿ ಜೊತೆ ಕೂತಿದ್ದ ಒಬ್ಬ ಅಜ್ಜಿ. ನನ್ನ ಇಂಗ್ಲಿಷ್ ನಿನಗೆ ಗೊತ್ತೇ ಇದೆ. ಅವರು ಮರ ತೋರಿಸಿ, ಬಾಯಿ ಅಗಲಿಸಿ, ಗಬಕ್ಕನೆ ಮುಚ್ಚಿ ತಿಳಿಸಿದರು. ಅಷ್ಟರಲ್ಲಿ ಮಳೆ. ತಮ್ಮ ಕೊಡೆಯನ್ನು ಪಾಪುವಿನ ಮೇಲೆ ಹಿಡಿದು, ತಾವು ತೊಪ್ಪೆಯಾಗುತ್ತ, ಟ್ರಾಮಿನವರೆಗೂ ಬಂದರು. ನಾಯಿಯೂ ಬಂತು. ಹೆಸರು ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿತು. ಮಗಳಿಗೆ ಮಳೆಯ ಸುದ್ದಿ ಹೇಳಿಲ್ಲ, ನೀನೂ ಬಾಯಿ ಬಿಡಬೇಡ.

ಮಳೆಗಾಲ ಹಿಡಿಯುವ ಮೊದಲು ಕೊಟ್ಟಿಗೆಯ ಹಂಚು ಕೈಯಾಡಿಸಲು ಯಾರನ್ನಾದರೂ ಕರೆಸು, ಮನೆಯಲ್ಲಿ ಇವರನ್ನು ನಂಬಿದರೆ ಆಗುವುದಲ್ಲ. ಬಿಪಿ ಮಾತ್ರೆ ನುಂಗುತ್ತಿದ್ದಾರಾ ಅಂತಲೂ ನೋಡು. ಮಾವಿನಮಿಡಿ ಉಪ್ಪಿಗೆ ಹಾಕಿದ ಭರಣಿ ಅಟ್ಟದ ಮೇಲಿದೆ, ಅದರ ಬಟ್ಟೆ ಬದಲಿಸಿ, ಸಾಸಿವೆ ಅರೆಯುವಾಗ ಮಾತ್ರ ನೀರು ತಾಗದ ಹಾಗೆ, ಅಯ್ಯೋ, ಪಾಪು ಎದ್ದಿತು, ತಡಿ