ಮನ್ಯಾಗ ಅಂಜಿಕೆ ಹಬ್ಬ ಮಾಡೋದಾದ್ರ ಜೋಕುಮಾರನಿಂದ ಶುರು ಮಾಡ್ರಿ

ಈ ಸಲ ಗೊಬ್ಬರ, ಔಷಧಿ ಮಾತು ಬಿಟ್ಟು ಹಬ್ಬದ ಬಗ್ಗೆ ಬರೀತೀನಿ. ಸ್ವಲ್ಪ ಉದ್ದ ಆಗ್ತದ, ಓದ್ರಿ.

ಬೆಂಗಳೂರಾಗಿರೋ ನನ್ನ ಮೊಮ್ಮಕ್ಕಳು ಅಕ್ಟೋಬರ್ 31ಕ್ಕ ಹ್ಯಾಲೋವೀನ್ ಮಾಡ್ತಾರ. ಕರಿ ಬಟ್ಟೆ ಹಾಕ್ಕೊಂಡು, ಮುಖಕ್ಕ ಬಣ್ಣ ಬಳಕೊಂಡು, ಬಾಗಿಲು ಬಾಗಿಲಿಗೆ ಹೋಗಿ ಚಾಕಲೇಟ್ ಕೇಳ್ತಾರ. ನಮ್ಮ ಓಣ್ಯಾಗ ಇದನ್ನ ಕೇಳಿ ನಕ್ಕವರೇ ಹೆಚ್ಚು. ನಗೋದೇನಿಲ್ರಿ. ಅದರ ಬುಡ ಐರ್ಲೆಂಡ್ ಕಡೆಯ ಹಳೇ ಹಬ್ಬ. ಸುಗ್ಗಿ ಮುಗಿದು ಚಳಿ ಶುರುವಾಗೋ ಹೊತ್ತು, ಮೇಯಾಕ ಬಿಟ್ಟ ದನ ಮನಿಗೆ ತರೋ ಕಾಲ. ಈಗ ಕುಂಬಳಕಾಯಿ ಕೊರೆದು ದೀಪ ಇಡ್ತಾರಲ್ಲ, ಮೊದಲು ಅಲ್ಲಿ ಕೊರೀತಿದ್ದದ್ದು ಟರ್ನಿಪ್ ಅನ್ನೋ ಗಡ್ಡೆ. ಅಂದ್ರ ಅದೂ ಒಕ್ಕಲುಮಕ್ಕಳ ಹಬ್ಬನೇ.

ಆದ್ರ ಮನಿಮನಿಗೆ ಹೋಗಿ ಕೇಳೋದು, ರಾತ್ರಿ ಅಂಜಿಕೆ, ಸುಗ್ಗಿ ಆಸೆ, ಈ ಮೂರೂ ಇರೋ ಹಬ್ಬ ನಮ್ಮಲ್ಲೇ ಐತಿ. ಜೋಕುಮಾರ.

ಗಣಪ್ಪ ಬಂದು ಹೋದ ಮ್ಯಾಲೆ, ಭಾದ್ರಪದದ ಅಷ್ಟಮಿಗೆ ಇವನು ಹುಟ್ತಾನ. ಮಣ್ಣಿನ ಮೂರ್ತಿ, ಅಗಲ ಮುಖ, ದೊಡ್ಡ ಕಣ್ಣು, ಬಾಯಿಗೆ ಬೆಣ್ಣಿ. ಬುಟ್ಟಿ ತುಂಬ ಬೇವಿನ ಸೊಪ್ಪು. ಅಂಬಿಗೇರ, ಬಾರಕೇರ ಮನೆತನದ ಹೆಣ್ಣುಮಕ್ಕಳು ಹೊತ್ತು ತಿರುಗಿ ಹಾಡ್ತಾರ. ನಾವು ಮೊರದಾಗ ಜೋಳ, ಸಜ್ಜಿ, ಮೆಣಸಿನಕಾಯಿ ಹಾಕ್ತೀವಿ. ಅವರು ಕೊಟ್ಟ ಬೇವಿನ ಎಲಿ, ನುಚ್ಚು ಹೊಲಕ್ಕ ಚೆಲ್ಲಿದ್ರ ಹುಳ ಬೀಳಂಗಿಲ್ಲ ಅಂತ ನಂಬಿಕೆ.

ಏಳು ದಿನ ಅಷ್ಟೇ ಅವನ ಆಯುಷ್ಯ. ಹುಣ್ಣಿಮಿ ರಾತ್ರಿ ಅವನನ್ನ ಕೊಲ್ತಾರ. ಹೆಣ್ಣುಮಕ್ಕಳಿಗೆ ಕಾಟ ಕೊಟ್ಟವನು ಅಂತ ಅಗಸರು ಕೊಂದ್ರು ಅನ್ನೋದು ಕಥಿ. ಅವನ ಅಳು ಕೇಳಸ್ತದ ಅಂತ ಮೂರು ದಿನ ಅಗಸರು ಆ ಬಂಡಿಗಲ್ಲಿನ ಕಡೆ ಹೋಗ್ತಿದ್ದಿಲ್ಲ. ನಾವು ಸಣ್ಣವರಿದ್ದಾಗ ಆ ರಾತ್ರಿ ಹಳ್ಳದ ಕಡೆ ತಲಿ ಹಾಕಿ ಮಲಗ್ತಿದ್ದಿಲ್ಲ.

ಅದೇ ಜೋಕುಮಾರ ಸತ್ತು ಶಿವನ ಹತ್ರ ಹೋಗಿ ನಮ್ಮ ಪರ ಮಾತಾಡ್ತಾನ. ಕಡುಬು ತಿಂದು ಹೋದ ಗಣಪ್ಪ ಎಲ್ಲಾ ಚಲೋ ಐತಿ ಅಂತಾನಂತ. ಇವನು ಮಾತ್ರ ಬೆಳಿ ಒಣಗ್ಯಾವ, ಮಳಿ ಕೊಡು ಅಂತಾನಂತ. ಕೆಟ್ಟ ಸುದ್ದಿ ಖರೇ ಹೇಳೋವ ಇವನೊಬ್ಬನೇ.

ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವಿ ಬಂದ ಮ್ಯಾಲೆ ಮಂದಿ ಮುಗಿಲು ನೋಡೋದು ಬಿಟ್ಟು ಡ್ಯಾಮಿನ ಮಟ್ಟ ನೋಡಾಕ ಹತ್ತಿದ್ರು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಭತ್ತ ಹಚ್ಚಿದವರಿಗೆ ನಿದ್ದಿ ಇದ್ದಿಲ್ಲ. ಮಸ್ಕಿ, ಲಿಂಗಸುಗೂರು ಕಡೆ ಮಳಿ ನಂಬಿದ ತೊಗರಿ, ಸಜ್ಜಿ ಹೊಲದಾಗ ಆ ಅಂಜಿಕಿ ವರ್ಷಾ ಇರೋದೇ.

ಈಗ ಕಷ್ಟದ ಮಾತು. ನಮ್ಮೂರಾಗ ಬುಟ್ಟಿ ಹೊರೋ ಅವ್ವಗ ವಯಸ್ಸಾಗ್ಯಾದ. "ನಮ್ಮ ಮೊಮ್ಮಗಳು ಕಾಲೇಜಿಗೆ ಹೊಕ್ಕಾಳ್ರೀ ಯಪ್ಪಾ, ಬುಟ್ಟಿ ಹೊರಂಗಿಲ್ಲ" ಅಂದಳು. ಆ ಹುಡುಗಿ ಮಾಡಿದ್ದೇ ಸರಿ. ಹುಟ್ಟಿದ ಮನಿ ನೋಡಿ ಇದು ನಿನ್ನ ಕೆಲಸ ಅನ್ನಾಕ ಯಾರಿಗೂ ಹಕ್ಕಿಲ್ಲ. ಆದ್ರ ಮಳಿ ಬೇಕಾಗಿದ್ದು ನಮ್ಮ ಹೊಲಕ್ಕ. ಪದ್ಧತಿ ಉಳಸೋ ಭಾರ ಅವರ ತಲಿ ಮ್ಯಾಲೆ ಮಾತ್ರ ಯಾಕ ಇರಬೇಕು?

ಅದಕ್ಕ ಹೋದ ವರ್ಷದಿಂದ ನಮ್ಮ ಮನ್ಯಾಗ ಒಂದು ರೂಢಿ ಶುರು ಮಾಡೀವಿ. 2025ರ ಸೆಪ್ಟೆಂಬರ್ 7, ಹುಣ್ಣಿಮಿ, ಭಾನುವಾರ. ಮಕ್ಕಳು ಊರಿಗೆ ಬಂದಿದ್ರು. ಮಧ್ಯಾಹ್ನ ಆ ಅವ್ವನ ಕರದು ಪಡಸಾಲ್ಯಾಗ ಕುಂಡ್ರಿಸಿ, ಊಟಕ್ಕ ಹಾಕಿ, ಮಕ್ಕಳಿಗೆ ಕಥಿ ಹೇಳ್ಸಿದ್ವಿ. ಫೋನಿನ್ಯಾಗ ಅವಳ ಹಾಡು ಅವಳನ್ನ ಕೇಳೇ ಇಟ್ಕೊಂಡೀವಿ. ಕತ್ತಲಾದ ಮ್ಯಾಲೆ ಕಂದೀಲು ಹಿಡ್ಕೊಂಡು ಹೊಲಕ್ಕ ಹೋಗಿ ನುಚ್ಚು, ಬೇವು ಚೆಲ್ಲಿದ್ವಿ. ಬದುವಿನ ಮ್ಯಾಲೆ ಕಂದೀಲು ಆರಿಸಿ ಸುಮ್ಮನ ನಿಂತ್ವಿ. ಕಪ್ಪಿ ವದರೋದು, ಸಜ್ಜಿ ತೆನಿ ತಿಕ್ಕಾಡೋದು ಬಿಟ್ರ ಸಪ್ಪಳಿಲ್ಲ. ಸಣ್ಣವ ನನ್ನ ಧೋತ್ರ ಬಿಡಲಿಲ್ಲ.

ಮೊಮ್ಮಗಳು ಕೇಳಿದಳು, "ತಾತ, ಅವನು ಒಳ್ಳೆಯವನಾ, ಕೆಟ್ಟವನಾ?"

"ಊರಿಗೆ ಕಾಟ ಕೊಟ್ಟ, ಆಮ್ಯಾಲೆ ಊರಿನ ಪರ ನಿಂತ. ಎರಡೂ ಅವನೇ" ಅಂದೆ.

ಅವತ್ತೇ ಪೂರ್ಣ ಚಂದ್ರಗ್ರಹಣ ಇತ್ತು. 11ರ ಸುಮಾರು ಚಂದಪ್ಪ ಕೆಂಪಾದಾಗ ಮಾಳಿಗಿ ಮ್ಯಾಲೆ ಇಬ್ಬರೂ ನಮ್ಮ ನಡುವೆ ಬಂದು ಕುಂತ್ರು. ಭೂಮಿ ನೆರಳು ಅಂತ ಮಗ ತಿಳಿಸಿ ಹೇಳಿದ. ತಿಳಿದ ಮ್ಯಾಲೂ ಅಂಜಿಕಿ ಇತ್ತು, ಅದರಾಗ ಒಂದು ಖುಷಿನೂ ಇತ್ತು.

ನೀವೂ ಮಾಡೋದಾದ್ರ ಮೂರು ಮಾತು. ಸೆಪ್ಟೆಂಬರ್‌ದಾಗ ಹುಳ ಹುಪ್ಪಡಿ ಓಡಾಡ್ತಾವ, ಬೂಟು, ಬ್ಯಾಟರಿ ಇಲ್ದ ಹೊಲಕ್ಕ ಇಳೀಬ್ಯಾಡ್ರಿ. ಕೊಲ್ಲೋ ಜಾಗಕ್ಕ ಮಕ್ಕಳನ್ನ ಒಯ್ಯಬ್ಯಾಡ್ರಿ, ಅದನ್ನ ನೋಡಬಾರದು ಅನ್ನೋದು ಹಿರಿಯರ ಕಟ್ಟಳಿ. ಬುಟ್ಟಿ ಬಾಗಿಲಿಗೆ ಬಂದ್ರ ನಿಂದ್ರಿಸಿ ಮಾತಾಡಿಸ್ರಿ, ಮೊರ ತುಂಬಿಸಿ ಹಾಕ್ರಿ. ಭಿಕ್ಷೆ ಅನ್ನಬ್ಯಾಡ್ರಿ.

ಮುಂದ ಶೀಗಿ ಹುಣ್ಣಿಮಿಗೆ ಅದೇ ಬದುವಿಗೆ ಚರಗ ಚೆಲ್ಲಾಕ ಹೋಗೋದು ಐತಿ. ಜೋಕುಮಾರ ಹೇಳಿ ಬಂದದ್ದಕ್ಕ ಏನು ಉತ್ತರ ಬಂತು ಅಂತ ಮಕ್ಕಳು ತಾವೇ ಬೆಳಿ ನೋಡಿ ಹೇಳಲಿ.

ಈ ವರ್ಷ ಜೋಕುಮಾರನ ಹುಣ್ಣಿಮಿ ಸೆಪ್ಟೆಂಬರ್ 26, ಶನಿವಾರ ಬಂದೈತಿ. ಊರು ಬಿಟ್ಟ ಮಕ್ಕಳಿಗೆ ಇವತ್ತೇ ಫೋನ್ ಹಚ್ಚಿ ಬಸ್ಸಿನ ಟಿಕೀಟು ಮಾಡಸ್ರಿ.