ನೂರರಲ್ಲಿ ಒಂದು ಪಾಲು

ಪೀಣ್ಯ ಕೈಗಾರಿಕಾ ಪ್ರದೇಶದ ಒಳರಸ್ತೆಗಳಲ್ಲಿ ಹೊರಗಿನ ಹಗಲಿಗೂ ಶೆಡ್ಡುಗಳ ಒಳಗಿನ ಬೆಳಕಿಗೂ ಸಂಬಂಧವೇ ಇರುವುದಿಲ್ಲ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ರೋಲಿಂಗ್ ಷಟರ್ ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಟ್ಯೂಬ್‌ಲೈಟಿನ ಮಬ್ಬು, ಎಣ್ಣೆಯ ವಾಸನೆ, ಯಂತ್ರಗಳ ಸದ್ದು. 2014ರಲ್ಲಿ ಇಲ್ಲಿಗೆ ಮೆಟ್ರೊ ಬಂತು. ಆದರೆ ರೈಲಿನ ಕಿಟಕಿಯಿಂದ ನೋಡುವವರಿಗೆ ಕಾಣುವುದು ಶೀಟು ಹೊದಿಸಿದ ಛಾವಣಿಗಳಷ್ಟೇ.

ಅಂಥದೊಂದು ಛಾವಣಿಯ ಕೆಳಗೆ ಇಪ್ಪತ್ತಾರು ವರ್ಷ ಲೇತ್ ನಡೆಸಿದ ಅಪ್ಪನ ಫೋಟೊ ತೆಗೆಯಲು ಮಗಳು ಬಂದದ್ದು ಒಂದು ಶನಿವಾರ. ಸೋಮವಾರ ಆ ಲೇತ್ ಮಾರಾಟವಾಗಿ ಹೋಗುವುದಿತ್ತು. ಅದರ ಜಾಗಕ್ಕೆ ಸಿಎನ್‌ಸಿ ಯಂತ್ರ ಬರುವುದಿತ್ತು. ಹುಡುಗಿ ಡಿಗ್ರಿ ಎರಡನೇ ವರ್ಷದಲ್ಲಿದ್ದಳು. ಕ್ಯಾಮೆರಾ ಗೆಳತಿಯದು, ಸಂಜೆಗೆ ಹಿಂತಿರುಗಿಸಬೇಕು. ಅಪ್ಪ ಆಡಿದ ಮೊದಲ ಮಾತು ಫೋಟೊ ಬಗ್ಗೆ ಅಲ್ಲ: "ಜಡೆ ಎತ್ತಿ ಕಟ್ಟಿಕೊಳಮ್ಮ. ದುಪಟ್ಟಾ ತೆಗೆದಿಟ್ಟು ಬಾ. ಈ ಗೆರೆ ದಾಟಿ ಒಳಗೆ ಕಾಲಿಡಬೇಡ."

ಮೊದಲ ಹತ್ತು ಚಿತ್ರಗಳೂ ಕೆಟ್ಟವು. ಐಎಸ್‌ಒ ಕಡಿಮೆಯಿದ್ದಷ್ಟೂ ಚಿತ್ರ ಸ್ವಚ್ಛ ಎಂದು ಕೇಳಿದ್ದ ಆಕೆ ಅದನ್ನು 100ರಲ್ಲೇ ಇಟ್ಟಿದ್ದಳು. ಆ ಮಬ್ಬಿನಲ್ಲಿ ಸಾಕಷ್ಟು ಬೆಳಕು ಸೇರಬೇಕಾದರೆ ಕ್ಯಾಮೆರಾದ ಷಟರ್ ಕಾಲು ಸೆಕೆಂಡು ತೆರೆದಿರಬೇಕು. ಅಷ್ಟರಲ್ಲಿ ಅಪ್ಪನ ಕೈ ಹ್ಯಾಂಡಲಿನಿಂದ ಟೂಲಿನ ಕಡೆಗೆ ಹೋಗಿಯೇ ಬಿಟ್ಟಿರುತ್ತಿತ್ತು. "ಅಪ್ಪಾ, ಸ್ವಲ್ಪ ಅಲ್ಲಾಡದೆ ನಿಲ್ಲಿ" ಎಂದಳು. ಅವರು ಲೇತ್ ನಿಲ್ಲಿಸಿ, ಅಂಗಿಯ ಕಾಲರ್ ಸರಿಪಡಿಸಿಕೊಂಡು, ಪಾಸ್‌ಪೋರ್ಟ್ ಫೋಟೊಕ್ಕೆ ನಿಂತ ಹಾಗೆ ನಿಂತರು. ಚಿತ್ರ ಸ್ಪಷ್ಟವಾಗಿ ಬಂತು. ಆದರೆ ಅದರಲ್ಲಿ ಕೆಲಸವೇ ಇರಲಿಲ್ಲ.

ಫಿಲ್ಮಿನ ಕಾಲದಲ್ಲಿ ಈ ಸಂಖ್ಯೆ ರೋಲಿನ ಡಬ್ಬಿಯ ಮೇಲೇ ಅಚ್ಚಾಗಿರುತ್ತಿತ್ತು. ಅಮೆರಿಕದ ಎಎಸ್‌ಎ, ಜರ್ಮನಿಯ ಡಿಐಎನ್ ಎಂಬ ಎರಡು ಅಳತೆಗಳು 1974ರಲ್ಲಿ ಒಂದುಗೂಡಿ ಐಎಸ್‌ಒ ಆಯಿತು. 100ರ ರೋಲು ಹಾಕಿದರೆ 36 ಚಿತ್ರ ಮುಗಿಯುವವರೆಗೆ ಸಾಮಾನ್ಯವಾಗಿ 100ಕ್ಕೇ ಕಟ್ಟುಬೀಳಬೇಕಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಪ್ರತಿ ಚಿತ್ರಕ್ಕೂ ಅದನ್ನು ಬದಲಿಸಬಹುದು. ಮ್ಯಾನ್ಯುಯಲ್‌ನಲ್ಲಿಟ್ಟು ಐಎಸ್‌ಒ ಚಕ್ರ ತಿರುಗಿಸಿದರೆ ಪರದೆಯ ಕೆಳಗಿನ ಮೀಟರಿನ ಗುರುತು ಮೈನಸ್ ಕಡೆಯಿಂದ ಸೊನ್ನೆಯತ್ತ ಸರಿಯುವುದು ಕಣ್ಣೆದುರೇ ಕಾಣುತ್ತದೆ. ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಷಟರ್ ತೆರೆದಿರುವ ಕಾಲವನ್ನು ಅರ್ಧಕ್ಕೆ ಇಳಿಸಬಹುದು.

ಇದು ಪುಕ್ಕಟೆಯಲ್ಲ. ಐಎಸ್‌ಒ ಏರಿಸಿದರೆ ಒಳಕ್ಕೆ ಬರುವ ಬೆಳಕೇನೂ ಹೆಚ್ಚುವುದಿಲ್ಲ. ಬಂದಷ್ಟನ್ನೇ ಕ್ಯಾಮೆರಾ ಹಿಗ್ಗಿಸುತ್ತದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮೆಲುದನಿಯ ಹುಡುಗನಿಗಾಗಿ ಮೈಕಿನ ವಾಲ್ಯೂಮ್ ಏರಿಸಿದರೆ ಫ್ಯಾನಿನ ಸದ್ದೂ ಜೊತೆಗೆ ಕೇಳಿಸುವಂತೆ, ಚಿತ್ರದ ಕತ್ತಲ ಭಾಗದಲ್ಲಿ ಮರಳು ಚೆಲ್ಲಿದಂಥ ಕಾಳು ಏಳುತ್ತದೆ. ಆದರೂ ಕಾಳಿದ್ದ ಚಿತ್ರವನ್ನು ಇಟ್ಟುಕೊಳ್ಳಬಹುದು; ಅಲುಗಿ ಕಲಸಿಹೋದ ಕೈಯನ್ನು ಮತ್ತೆ ಬಿಡಿಸಿ ತೆಗೆಯುವುದು ಕಷ್ಟ.

ಮೀಟರಿಗೂ ಒಂದು ಮಿತಿ ಇದೆ. ತಾನು ನೋಡಿದ್ದನ್ನೆಲ್ಲ ನಡುಮಟ್ಟದ ಬೂದು ಎಂದು ಅದು ಲೆಕ್ಕ ಹಾಕುತ್ತದೆ. ಅಪ್ಪನ ಹಿಂದೆ ಬಿಸಿಲಿನ ಬಾಗಿಲು ಬಂದಾಗ ಗುರುತು ಸೊನ್ನೆಯಲ್ಲಿ ನಿಂತಿತ್ತು, ಮುಖ ಮಾತ್ರ ಕಪ್ಪಾಗಿತ್ತು. ಹುಡುಗಿ ಸುತ್ತಿ ಬಂದು ಬಾಗಿಲಿಗೆ ಬೆನ್ನು ಮಾಡಿ ನಿಂತಳು.

ಈಗ ಧೈರ್ಯ ಮಾಡಿ ಐಎಸ್‌ಒ 6400ಕ್ಕೆ ಏರಿಸಿ, ಷಟರ್ ವೇಗವನ್ನು ಸೆಕೆಂಡಿನ 250ನೇ ಒಂದು ಭಾಗಕ್ಕೆ ತಂದಳು. ಹೊಸದೊಂದು ತೊಂದರೆ ಶುರುವಾಯಿತು. ಒಂದು ಚಿತ್ರ ಬೆಳ್ಳಗೆ, ಮರುಕ್ಷಣದ್ದು ಮಂಕು. ಅಳತೆ ಒಂದೂ ಬದಲಾಗಿರಲಿಲ್ಲ. ಕ್ಯಾಮೆರಾ ಕೆಟ್ಟಿತೇನೋ, ಗೆಳತಿಗೆ ಏನು ಹೇಳುವುದು ಎಂದು ಆಕೆಯ ಮುಖ ಸಣ್ಣದಾಯಿತು.

ಅಪ್ಪ ಯಂತ್ರ ಆಫ್ ಮಾಡಿ, ಕೈ ಒರೆಸಿಕೊಂಡು, ಚಿತ್ರಗಳನ್ನು ಒಂದೊಂದಾಗಿ ನೋಡಿದರು. "ಕ್ಯಾಮೆರಾ ಸರಿಯಾಗೇ ಇದೆ ಕಣಮ್ಮ. ಇದು ಟ್ಯೂಬ್‌ಲೈಟಿನ ಆಟ" ಎಂದರು. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಚೋಕ್ ಇರುವ ಹಳೆಯ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಅದು ತಿಳಿಯುವುದಿಲ್ಲ. ಆದರೆ ಲೇತಿನ ಚಕ್ ತಿರುಗುವ ವೇಗ ಆ ಮಿನುಗಿಗೆ ಹೊಂದಿಬಿಟ್ಟರೆ, ತಿರುಗುತ್ತಿರುವ ಚಕ್ ನಿಂತಂತೆಯೇ ಕಾಣುತ್ತದೆ. ನಿಂತಿದೆ ಎಂದು ಕೈ ಚಾಚಿದರೆ ಬೆರಳು ಹೋಗುತ್ತದೆ. "ಅದಕ್ಕೇ ಲೇತಿನ ಪಕ್ಕ ಬಲ್ಬು ಇಡುವುದು. ಅದರ ತಂತಿ ಕೆಂಪಗೆ ಕಾದಿರುತ್ತೆ, ಅಷ್ಟು ಬೇಗ ಆರೋದಿಲ್ಲ. ನಾನು ಸೇರಿದ ಮೊದಲ ವಾರ ಮೇಸ್ತ್ರಿ ಹೇಳಿಕೊಟ್ಟದ್ದು ಇದು."

ಹುಡುಗಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಷಟರ್ ಸೆಕೆಂಡಿನ ನೂರನೇ ಒಂದು ಭಾಗ ತೆರೆದಿದ್ದರೆ ಪ್ರತಿ ಚಿತ್ರಕ್ಕೂ ಒಂದು ಪೂರ್ತಿ ಮಿನುಗು ಸಿಗುತ್ತದೆ; ಬೆಳಕು ಏರುಪೇರಾಗುವುದಿಲ್ಲ. ವೇಗವನ್ನು ಅಲ್ಲಿಗೆ ತಂದಳು. ಐಎಸ್‌ಒ 2500ಕ್ಕೆ ಇಳಿದಾಗ ಗುರುತು ಸೊನ್ನೆಗೆ ಬಂತು. ಅಷ್ಟರಲ್ಲಿ ಅಪ್ಪ ಬಲ್ಬಿನ ತೋಳನ್ನು ಎಳೆದು ಜಾಬಿನ ಹತ್ತಿರಕ್ಕೆ ತಂದರು. ಗುರುತು ಪ್ಲಸ್ ಕಡೆಗೆ ಎರಡು ಮನೆ ಜಿಗಿಯಿತು. 2500 ಬೇಕಾದಲ್ಲಿ ಈಗ 640 ಸಾಕು.

"ಇನ್ನು ನನ್ನ ಕಡೆ ನೋಡಬೇಡಿ ಅಪ್ಪಾ, ನಿಮ್ಮ ಕೆಲಸ ನೀವು ಮಾಡಿ" ಎಂದಳು. ಅವರು ಮಾಡಿದರು. ಆ ಲೇತಿನ ಮೇಲೆ ಅದು ಅವರ ಕೊನೆಯ ಜಾಬು.

ರಾತ್ರಿ ಊಟವಾದ ಮೇಲೆ ಅಪ್ಪ ಕನ್ನಡಕ ಹಾಕಿಕೊಂಡು ಚಿತ್ರ ನೋಡಿದರು. ಮುಖವನ್ನಲ್ಲ, ಟೂಲು, ಸುರುಳಿಯಾಗಿ ಏಳುತ್ತಿದ್ದ ಕಬ್ಬಿಣದ ಸಿಪ್ಪೆ, ಹ್ಯಾಂಡಲ್ ಹಿಡಿದ ಎರಡು ಬೆರಳು. ಹಿಂದಿನ ಕತ್ತಲಲ್ಲಿ ಒಂದಿಷ್ಟು ಕಾಳಿತ್ತು. ಅದನ್ನು ಅವರು ಕೇಳಲಿಲ್ಲ.

"ಇದು ಎಷ್ಟು ಹೊತ್ತಿನಲ್ಲಿ ತೆಗೆದದ್ದು?"

"ಸೆಕೆಂಡಿನ ನೂರನೇ ಒಂದು ಭಾಗ, ಅಪ್ಪಾ."

ಅವರು ಮೈಕ್ರೋಮೀಟರಿನ ಡಬ್ಬಿಯನ್ನು ಕೆಲಸದ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. ಮಿಲಿಮೀಟರಿನ ನೂರನೇ ಒಂದು ಭಾಗ ಅಳೆಯುವ ಸಾಧನ ಅದು.

"ಹಾಗಾದರೆ ನಿಂದೂ ನಂದೂ ಒಂದೇ ಲೆಕ್ಕ" ಎಂದರು.